ಜ್ವಾಲಾಮುಖಿ ಶಿಲೆಯೊಳಗಿನ ಲೋಹದ ಕಣ: ಓದುಗರ ಪ್ರಶ್ನೆ, ನಮ್ಮ ಉತ್ತರ

ಜ್ವಾಲಾಮುಖಿಗಳಿಂದ ಹೊರಬಿದ್ದ ಶಿಲೆಗಳಲ್ಲಿ ಅಪರೂಪಕ್ಕೊಮ್ಮೆ ಕಬ್ಬಿಣ, ತಾಮ್ರ, ಚಿನ್ನಗಳು ಅದಿರಿನ ರೂಪದಲ್ಲಲ್ಲದೆ ಲೋಹವಾಗಿಯೇ ಸೂಕ್ಷ್ಮ ಕಣಗಳಲ್ಲಿ ದೊರೆಯುತ್ತವೆ, ಇವನ್ನು ಸಹಜ ಲೋಹಗಳೆನ್ನುತ್ತಾರೆ ಎಂದು ಕಳೆದ ಸಂಚಿಕೆಯ ಈ ಅಂಕಣದಲ್ಲಿ ಬರೆದಿದ್ದೆವು. ಅದನ್ನು ಓದಿ ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಓದುಗರು ಕಳುಹಿಸಿದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಲಾಗಿದೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ಕಬ್ಬಿಣ ಪ್ರಕೃತಿಯಲ್ಲಿ ಅದಿರಾಗಿಯೇ ಸಿಗುತ್ತದೆ, ಲೋಹವಾಗಿ ಸಿಕ್ಕರೆ ಅದು ಉಲ್ಕೆಯಿಂದ ಬಂದದ್ದು ಎಂದು ಮಕ್ಕಳಿಗೆ ಪಾಠ ಹೇಳುತ್ತಾ ಬಂದಿದ್ದೇನೆ. ಗ್ರೀನ್‌ಲ್ಯಾಂಡಿನ ಲಾವಾ ಶಿಲೆಯಲ್ಲಿ ಕಬ್ಬಿಣವಿದೆ ಎಂದು ನೀವು ಬರೆದಿದ್ದೀರಿ. ಅಷ್ಟು ಶಾಖದಲ್ಲಿ ಕಬ್ಬಿಣ ಆಮ್ಲಜನಕದೊಡನೆ ಸೇರದೆ ಉಳಿಯುವುದು ಹೇಗೆ?
(ಪ್ರೌಢಶಾಲಾ ಶಿಕ್ಷಕರು, ಪಾಂಡವಪುರ)

ಉತ್ತರ: ನೀವು ಹೇಳುತ್ತಿರುವುದು ಬಹುಮಟ್ಟಿಗೆ ಸರಿ. ಡಿಸ್ಕೊ ದ್ವೀಪ ಅದಕ್ಕೊಂದು ಪ್ರಸಿದ್ಧ ಅಪವಾದ. ಸ್ವೀಡನ್ನಿನ ಅನ್ವೇಷಕ ನೂರ್ಡೆನ್‌ಶಾಲ್ಡ್ 1870ರಲ್ಲಿ ಗ್ರೀನ್‌ಲ್ಯಾಂಡಿನ ಪಶ್ಚಿಮ ಕರಾವಳಿಯ ಈ ದ್ವೀಪದಲ್ಲಿ ಟನ್ನುಗಟ್ಟಲೆ ತೂಕದ ಕಬ್ಬಿಣದ ಬಂಡೆಗಳನ್ನು ಕಂಡಾಗ ಆತನೂ ಅವನ್ನು ಉಲ್ಕೆಗಳೆಂದೇ ತಿಳಿದನು. ಅವುಗಳಲ್ಲಿ ಅತಿ ದೊಡ್ಡದು ಇಪ್ಪತ್ತು ಟನ್ನಿಗೂ ಹೆಚ್ಚು ತೂಗುತ್ತಿತ್ತು. ಮುಂದೆ ಡೆನ್ಮಾರ್ಕಿನ ಭೂವಿಜ್ಞಾನಿ ಸ್ಟೇನ್‌ಸ್ಟ್ರುಪ್ ಅದೇ ಕಬ್ಬಿಣವು ಬಸಾಲ್ಟ್ ಎಂಬ ಕಪ್ಪು ಲಾವಾ ಶಿಲೆಯ ಒಳಗೇ, ಸಣ್ಣ ಕಣಗಳಾಗಿ ಹರಡಿಕೊಂಡಿರುವುದನ್ನು ತೋರಿಸಿದ ಮೇಲೆ ಉಲ್ಕೆಯ ವಾದ ಬಿದ್ದುಹೋಯಿತು. ಆಕಾಶದಿಂದ ಬಿದ್ದ ಕಬ್ಬಿಣ ಶಿಲೆಯ ಮೇಲೆ ಬೀಳಬಹುದೇ ಹೊರತು, ಹರಳುಗಟ್ಟಿದ ಶಿಲೆಯ ಪ್ರತಿಯೊಂದು ಮೂಲೆಯಲ್ಲಿ ಹನಿಹನಿಯಾಗಿ ಸೇರಿಕೊಳ್ಳಲಾರದು.

ಕಾರಣ ಆಮ್ಲಜನಕದ ಅಭಾವ. ಸುಮಾರು 6 ಕೋಟಿ ವರ್ಷಗಳ ಹಿಂದೆ ಮೇಲಕ್ಕೇರಿದ ಅಲ್ಲಿನ ಶಿಲಾಪಾಕವು ದಾರಿಯಲ್ಲಿ ಕಲ್ಲಿದ್ದಲು ಮತ್ತು ಇಂಗಾಲ ತುಂಬಿದ ಜೇಡಿಶಿಲೆಯ ಪದರಗಳನ್ನು ನುಂಗಿಕೊಂಡಿತು. ನಮ್ಮ ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಮಣ್ಣಿನ ಕುಲುಮೆ ಕಟ್ಟಿ, ಕಪ್ಪು ಮರಳಿನ ಅದಿರಿಗೆ ಇದ್ದಿಲು ಸೇರಿಸಿ ತಿದಿ ಒತ್ತುತ್ತಿದ್ದವರು ಮಾಡುತ್ತಿದ್ದದ್ದೂ ಇದೇ ಕೆಲಸ: ಇಂಗಾಲ ಅದಿರಿನ ಆಮ್ಲಜನಕವನ್ನು ಕಸಿದು ಅನಿಲವಾಗಿ ಹೊರಟುಹೋದರೆ ಲೋಹ ಉಳಿಯುತ್ತದೆ. ಬಸಾಲ್ಟ್ ಪಾಕದ ಶಾಖ ಹೆಚ್ಚೆಂದರೆ 1200 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ, ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಬೇಕು. ಆದರೆ ಇಂಗಾಲ ಸಾಕಷ್ಟು ಬೆರೆತರೆ ಸುಮಾರು 1150 ಡಿಗ್ರಿಯಲ್ಲಿಯೇ ಕಬ್ಬಿಣ ದ್ರವವಾಗುವುದರಿಂದ, ಅದು ಪಾಕದೊಳಗೆ ಹನಿಗಳಾಗಿ ಬೇರ್ಪಟ್ಟು ಕೆಲವೆಡೆ ಗಟ್ಟಿಯಾಗಿ ಗುಂಪುಗೂಡಲು ಸಾಧ್ಯವಾಯಿತು. ಡಿಸ್ಕೊ ಕಬ್ಬಿಣವನ್ನು ನಯಗೊಳಿಸಿ ನೋಡಿದಾಗ ಕಾಣುವ ಕೋಹೆನೈಟ್ ಎಂಬ ಕಬ್ಬಿಣ-ಇಂಗಾಲ ಸಂಯುಕ್ತ ಈ ಕಥೆಗೆ ಸಾಕ್ಷಿ. ನಿಕ್ಕಲ್ ಅದರಲ್ಲಿ ಶೇಕಡಾ 4ಕ್ಕಿಂತ ಸಾಮಾನ್ಯವಾಗಿ ಕಡಿಮೆ. ಕಬ್ಬಿಣದ ಉಲ್ಕೆಗಳಲ್ಲಿ ಶೇಕಡಾ 5ಕ್ಕಿಂತ ಹೆಚ್ಚು. ಉಲ್ಕೆಯ ಕಬ್ಬಿಣವನ್ನು ನೈಟ್ರಿಕ್ ಆಮ್ಲ ಬೆರೆಸಿದ ಆಲ್ಕೋಹಾಲಿನಿಂದ ಉಜ್ಜಿದರೆ ಅನೇಕ ಮಾದರಿಗಳಲ್ಲಿ ಒಂದನ್ನೊಂದು ಅಡ್ಡಹಾಯುವ ಪಟ್ಟಿಗಳ ವಿನ್ಯಾಸ ಎದ್ದು ಕಾಣುತ್ತದೆ. ಲಕ್ಷಾಂತರ ವರ್ಷ ನಿಧಾನವಾಗಿ ತಣಿದರಷ್ಟೇ ಅದು ಮೂಡುವುದರಿಂದ ಲಾವಾದೊಳಗಿನ ಕಬ್ಬಿಣದಲ್ಲಿ ಅದನ್ನು ನಿರೀಕ್ಷಿಸುವಂತಿಲ್ಲ.

ಪ್ರಶ್ನೆ: ನಮ್ಮ ತೋಟದಲ್ಲಿ ಬೋರ್‌ವೆಲ್ ಕೊರೆಸಿದಾಗ ಬಂದ ಕಲ್ಲುಪುಡಿಯಲ್ಲಿ ಹೊಂಬಣ್ಣದ ಹೊಳೆಯುವ ಚೂರುಗಳೂ ಅಯಸ್ಕಾಂತಕ್ಕೆ ಅಂಟುವ ಬೆಳ್ಳಿ ಬಣ್ಣದ ಚೂರುಗಳೂ ಇದ್ದವು. ಇವು ಭೂಮಿಯೊಳಗಿನ ಸಹಜ ಲೋಹಗಳಿರಬಹುದೇ? ಪೊಟ್ಟಣ ಕಳುಹಿಸಲೇ?
(ರೈತರು, ಕೃಷ್ಣರಾಜಪೇಟೆ ತಾಲ್ಲೂಕು)

ಉತ್ತರ: ಪೊಟ್ಟಣ ಕಳುಹಿಸುವ ಮೊದಲು ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳಿವೆ. ಅಯಸ್ಕಾಂತಕ್ಕೆ ಅಂಟುವ ಬೆಳ್ಳಿ ಬಣ್ಣದ ಚೂರುಗಳು ಬಹುತೇಕ ಖಚಿತವಾಗಿ ಕೊರೆಯುವ ಯಂತ್ರದವು. ಬೋರ್‌ವೆಲ್ ಲಾರಿಯ ಬಿಟ್ಟಿನ ಮೈ ಗಟ್ಟಿ ಉಕ್ಕಿನದು, ಅದರ ಮೂತಿಯಲ್ಲಿರುವ ಗುಂಡಿಗಳು ಕೋಬಾಲ್ಟ್ ಬೆರೆತ ಟಂಗ್‌ಸ್ಟನ್ ಕಾರ್ಬೈಡಿನವು. ಕಲ್ಲಿನೊಡನೆ ತಿಕ್ಕಾಡುವಾಗ ಇವೆರಡೂ ಸವೆದು ಪುಡಿಯೊಡನೆ ಮೇಲೆ ಬರುತ್ತವೆ, ಕೇಸಿಂಗ್ ಪೈಪಿನ ಚೂರುಗಳೂ ಜೊತೆಗೂಡುತ್ತವೆ. ಭೂತಗನ್ನಡಿಯಲ್ಲಿ ನೋಡಿದರೆ ಬಾಗಿದ, ಸುರುಳಿಯ, ಒಂದೇ ದಿಕ್ಕಿನಲ್ಲಿ ಗೀರು ಬಿದ್ದ ಹೆಕ್ಕಳೆಗಳು ಕಾಣುತ್ತವೆ. ಕಲ್ಲಿನೊಳಗೆ ಬೆಳೆದ ಕಣಕ್ಕೆ ಆ ಆಕಾರವಿರುವುದಿಲ್ಲ. ಅಯಸ್ಕಾಂತ ಸೆಳೆಯುವ ಕಪ್ಪು ಕಣಗಳಿದ್ದರೆ ಅವು ಮ್ಯಾಗ್ನೆಟೈಟ್ ಖನಿಜದವು, ಲೋಹವಲ್ಲ.

ಹೊಂಬಣ್ಣದ ಚೂರು ತೆಳ್ಳಗೆ ಪದರಪದರವಾಗಿ ಏಳುತ್ತಿದ್ದರೆ, ನೀರಿನಲ್ಲಿ ತೇಲಾಡಿ ನಿಧಾನವಾಗಿ ತಳ ಸೇರುತ್ತಿದ್ದರೆ ಅದು ಹಣ್ಣಾದ ಕಲ್ಲಿನ ಕಾಗೆಬಂಗಾರ. ಗಟ್ಟಿಯಾಗಿದ್ದು, ಸುತ್ತಿಗೆಯಲ್ಲಿ ಜಜ್ಜಿದರೆ ಕರಿಯ ಪುಡಿಯಾಗುತ್ತಿದ್ದರೆ ಪೈರೈಟ್, ಅಂದರೆ ಕಬ್ಬಿಣದ ಸಲ್ಫೈಡ್ (ಕಬ್ಬಿಣ-ಗಂಧಕಗಳ ಸಂಯುಕ್ತ). ಚಿನ್ನ ಮಾತ್ರ ಪುಡಿಯಾಗದೆ ಚಪ್ಪಟೆಯಾಗುತ್ತದೆ, ಸೂಜಿ ಚುಚ್ಚಿದರೆ ಗುಳಿ ಬೀಳುತ್ತದೆ. ನೀರಿಗಿಂತ 19 ಪಟ್ಟು ತೂಕವಿರುವುದರಿಂದ ಬಾಣಲೆಯಲ್ಲಿ ಅಲುಗಿಸಿ ತೊಳೆದಾಗ ಎಲ್ಲಕ್ಕೂ ಕೊನೆಗೆ ಉಳಿಯುವುದು ಅದೇ. ಪೈರೈಟಿನ ತೂಕ ನೀರಿನ 5 ಪಟ್ಟು. ನಿಮ್ಮ ತಾಲ್ಲೂಕಿನ ಕೆಳಗಿರುವುದು ಬಹಳ ಪುರಾತನ ನೈಸ್, ಗ್ರಾನೈಟ್ ಮತ್ತು ಶಿಸ್ಟ್ ಶಿಲೆಗಳು. ಶಿಸ್ಟ್ ಪಟ್ಟಿಗಳ ಕೆಲವು ಭಾಗ ನೂರಾರು ಕೋಟಿ ವರ್ಷಗಳ ಹಿಂದೆ ಲಾವಾ ಆಗಿತ್ತೆಂಬುದು ನಿಜವಾದರೂ, ಬೋರ್‌ವೆಲ್ಲಿನ ಬಾಯಿಂದ ಕಲಸಿಹೋಗಿ ಬಂದ ಪುಡಿಯಿಂದ ಯಾವ ಕಣ ಎಷ್ಟು ಆಳದ್ದು, ಯಾವ ಕಲ್ಲಿನದು ಎಂದು ಯಾವ ಸೂಕ್ಷ್ಮದರ್ಶಕವೂ ಹೇಳಲಾರದು. ಕಣ ಕಚ್ಚಿಕೊಂಡಿರುವ ಕಲ್ಲಿನ ಚೂರೇನಾದರೂ ಸಿಕ್ಕರೆ ಅದನ್ನು ಕಳುಹಿಸಿ. ಬಿಡಿ ಪುಡಿ ಬೇಡ.

ಪ್ರಶ್ನೆ: ಕ್ಷೇತ್ರ ಅಧ್ಯಯನಕ್ಕೆ ವಿಜಯಪುರ ಜಿಲ್ಲೆಗೆ ಹೋದಾಗ ತಂದ ಬಸಾಲ್ಟ್ ತುಂಡಿನ ತೆಳು ಛೇದದಲ್ಲಿ (ಗಾಜಿಗೆ ಅಂಟಿಸಿ, ಬೆಳಕು ಹಾಯುವಷ್ಟು ತೆಳ್ಳಗೆ ಅರೆದ ಪದರದಲ್ಲಿ) ಬೆಳಕು ಹಾಯದ ಕಪ್ಪು ಕಣಗಳಿವೆ. ಅವುಗಳಲ್ಲಿ ಸಹಜ ಲೋಹವಿದೆಯೇ ಎಂದು ತಿಳಿಯಲು ಯಾವ ಕ್ರಮದಲ್ಲಿ ಪರೀಕ್ಷಿಸಬೇಕು? ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ನೇರವಾಗಿ ಹೋಗಬಹುದೇ?
(ಭೂವಿಜ್ಞಾನದ ಎಂ.ಎಸ್ಸಿ. ವಿದ್ಯಾರ್ಥಿನಿ, ಮಾನಸಗಂಗೋತ್ರಿ, ಮೈಸೂರು)

ಉತ್ತರ: ಹೋಗಬಹುದು, ಆದರೆ ಹಾಗೆ ಹೋದವರು ಸಾಮಾನ್ಯವಾಗಿ ಯಂತ್ರದ ಸಮಯವನ್ನು ವ್ಯರ್ಥಮಾಡಿಕೊಳ್ಳುತ್ತಾರೆ. ಮೊದಲು ಬೇಕಾದದ್ದು ಪ್ರತಿಫಲಿತ ಬೆಳಕಿನ ಸೂಕ್ಷ್ಮದರ್ಶಕ. ತೆಳು ಛೇದದ ದಪ್ಪ 0.03 ಮಿಲಿಮೀಟರ್, ಆ ದಪ್ಪದಲ್ಲಿಯೂ ಲೋಹಗಳು, ಬಹುತೇಕ ಸಲ್ಫೈಡ್‌ಗಳು, ಮ್ಯಾಗ್ನೆಟೈಟ್ ಎಲ್ಲವೂ ಸಮಾನವಾಗಿ ಕಪ್ಪಾಗಿ ಕಾಣುತ್ತವೆ. ಮೇಲಿನಿಂದ ಬೆಳಕು ಬಿಟ್ಟು, ಹಿಂದಿರುಗಿ ಬಂದದ್ದನ್ನು ನೋಡಿದಾಗಲೇ ಅವು ಬೇರೆಬೇರೆಯಾಗುವುದು. ಇದಕ್ಕಾಗಿ ಮೇಲೆ ಗಾಜಿನ ಹೊದಿಕೆ ಅಂಟಿಸದೆ ಛೇದವನ್ನು ಕನ್ನಡಿಯಂತಾಗುವವರೆಗೆ ನಯಗೊಳಿಸಬೇಕು.

ನಯಗೊಳಿಸುವ ಕೆಲಸವೇ ಅರ್ಧ ಸಂಶೋಧನೆ ಎಂದರೆ ಅತಿಶಯೋಕ್ತಿಯಲ್ಲ. ಸಿಲಿಕಾನ್ ಕಾರ್ಬೈಡ್ ಪುಡಿಯಿಂದ ಒರಟು ತೆಗೆದು, ಆಮೇಲೆ 6, 3, 1 ಮತ್ತು ಕಾಲು ಮೈಕ್ರೋಮೀಟರ್ ವಜ್ರದ ಪೇಸ್ಟ್‌ಗಳನ್ನು ಒಂದಾದ ಮೇಲೊಂದು ಬಳಸುವುದು ರೂಢಿ. ಪ್ರತಿ ಹಂತದ ನಡುವೆ ಮಾದರಿಯನ್ನು ಚೆನ್ನಾಗಿ ತೊಳೆಯದಿದ್ದರೆ ಗಟ್ಟಿ ಪುಡಿ ಮೃದುವಾದ ಲೋಹದೊಳಗೆ ನಾಟಿಕೊಂಡು, ಮುಂದೆ ಎಲೆಕ್ಟ್ರಾನ್ ಯಂತ್ರದಲ್ಲಿ ಹೊಸ ಖನಿಜದ ವೇಷ ತೊಡುತ್ತದೆ. ಕಬ್ಬಿಣದ ಕಣವಿರಬಹುದೆಂಬ ಅನುಮಾನವಿದ್ದರೆ ಕೊನೆಯ ಹಂತಗಳಲ್ಲಿ ನೀರು ಬಳಸದೆ ಎಣ್ಣೆ ಅಥವಾ ಆಲ್ಕೋಹಾಲ್ ಬಳಸಿ. ನೀರು ತಾಗಿದ ಕಣದ ಅಂಚು ಬೇಗ ತುಕ್ಕು ಹಿಡಿಯುತ್ತದೆ, ನಂತರ ಆ ತುಕ್ಕು ಕಲ್ಲಿನದೋ ನಿಮ್ಮ ಮೇಜಿನದೋ ಹೇಳಲಾಗುವುದಿಲ್ಲ. ಕಲ್ಲು ಕುಯ್ಯುವ ವಜ್ರದ ಗರಗಸಗಳಲ್ಲಿ ವಜ್ರವನ್ನು ಹಿಡಿದಿಡಲು ಕಂಚಿನಂಥ ಮಿಶ್ರಲೋಹವನ್ನು ಬಳಸಿರುವುದುಂಟು ಎಂಬುದನ್ನು ಮರೆಯಬೇಡಿ. ಬಸಾಲ್ಟಿನ ರಂಧ್ರಗಳಲ್ಲಿ ಸಿಕ್ಕ ಕೆಂಬಣ್ಣದ ಚೂರು ಎಷ್ಟೋ ಸಲ ಅದೇ ಆಗಿರುತ್ತದೆ.

ಈಗ ನೋಡುವ ಕೆಲಸ. ಹಿಂದಿರುಗುವ ಬೆಳಕಿನ ಪ್ರಮಾಣವೇ ಮೊದಲ ಸುಳಿವು: ಮ್ಯಾಗ್ನೆಟೈಟ್ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಶೇಕಡಾ 20ನ್ನು, ಪೈರೈಟ್ ಶೇಕಡಾ 50ಕ್ಕಿಂತ ತುಸು ಹೆಚ್ಚನ್ನು, ಬೆಳ್ಳಿ ಶೇಕಡಾ 90ಕ್ಕಿಂತ ಹೆಚ್ಚನ್ನು ಹಿಂದಿರುಗಿಸುತ್ತವೆ. ಆದ್ದರಿಂದ ಬೂದು ಬಣ್ಣದ ಮ್ಯಾಗ್ನೆಟೈಟಿನ ಪಕ್ಕದಲ್ಲಿ ಲೋಹದ ಕಣ ಕಣ್ಣು ಕುಕ್ಕುವಷ್ಟು ಬೆಳಗುತ್ತದೆ. ಕಬ್ಬಿಣ ಬಿಳುಪು, ತಾಮ್ರ ನಸುಗೆಂಪು, ಚಿನ್ನ ಗಾಢ ಹಳದಿ. ಕ್ರಾಸ್ಡ್ ನಿಕೋಲ್‌ಗಳ, ಅಂದರೆ ಒಂದಕ್ಕೊಂದು ಅಡ್ಡಲಾಗಿಟ್ಟ ಎರಡು ಧ್ರುವೀಕರಣ ಶೋಧಕಗಳ ನಡುವೆ ವೇದಿಕೆ ತಿರುಗಿಸಿದರೆ ಈ ಮೂರೂ ಕತ್ತಲಾಗಿಯೇ ಉಳಿಯಬೇಕು. ಬಣ್ಣ ಬದಲಿಸಿದರೆ ಪಿರ್ಹೊಟೈಟ್‌ನಂಥ ಸಲ್ಫೈಡನ್ನು ಶಂಕಿಸಿ. ಲೋಹಗಳ ಮೈಮೇಲೆ ಸಣ್ಣ ಗೀರುಗಳು ಉಳಿದಿರುತ್ತವೆ, ಪೈರೈಟಿನ ಮೇಲೆ ಅಷ್ಟಾಗಿ ಇರುವುದಿಲ್ಲ, ಏಕೆಂದರೆ ಅದು ಗಟ್ಟಿ. ಪ್ರಾಮಾಣಿಕವಾಗಿ ಹೇಳುವುದಾದರೆ, ದಖನ್ ಬಸಾಲ್ಟಿನಲ್ಲಿ ನೀವು ಕಂಡ ಕಪ್ಪು ಕಣಗಳಲ್ಲಿ ಬಹುಪಾಲು ಟೈಟೇನಿಯಮ್ ಬೆರೆತ ಮ್ಯಾಗ್ನೆಟೈಟ್ ಮತ್ತು ಇಲ್ಮೆನೈಟ್ ಎಂಬ ಕಬ್ಬಿಣ-ಟೈಟೇನಿಯಮ್ ಆಕ್ಸೈಡ್ ಆಗಿರುತ್ತವೆ. ಇದರಿಂದ ನಿರಾಶರಾಗಬೇಕಿಲ್ಲ, ಲಾವಾ ತಣಿದ ವೇಗವನ್ನೂ ಆಮ್ಲಜನಕದ ಸ್ಥಿತಿಯನ್ನೂ ಅವುಗಳಿಂದ ಓದಬಹುದು.

ಬೆಳಗುವ ಕಣ ನಿಜಕ್ಕೂ ಸಿಕ್ಕಿತೆನ್ನಿ. ಅದರ ಸುತ್ತ ವೃತ್ತ ಗೀಚಿ, ಚಿತ್ರ ತೆಗೆದುಕೊಂಡು ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಒಯ್ಯಿರಿ. ವಿದ್ಯುತ್ ಹರಿಯಲು ಮಾದರಿಯ ಮೇಲೆ ತೆಳು ಲೇಪನ ಬೇಕು. ಅನೇಕ ಪ್ರಯೋಗಾಲಯಗಳಲ್ಲಿ ಕೇಳದೆಯೇ ಚಿನ್ನದ ಲೇಪನ ಕೊಡುತ್ತಾರೆ, ಚಿನ್ನ ಹುಡುಕುವವರಿಗೆ ಅದಕ್ಕಿಂತ ದೊಡ್ಡ ಅಪಚಾರವಿಲ್ಲ. ಇಂಗಾಲದ ಲೇಪನ ಕೇಳಿ. ಕಬ್ಬಿಣದೊಳಗಿನ ಇಂಗಾಲವನ್ನೇ ಅಳೆಯಬೇಕಾದರೆ ಅದೂ ತೊಡಕು, ಆಗ ಪ್ರಯೋಗಾಲಯದವರೊಡನೆ ಮುಂಚಿತವಾಗಿ ಮಾತನಾಡಬೇಕು. ಹಿಂದೆ ಚದುರುವ ಎಲೆಕ್ಟ್ರಾನ್‌ಗಳ ಚಿತ್ರದಲ್ಲಿ ಪರಮಾಣು ಸಂಖ್ಯೆ ಹೆಚ್ಚಿದಷ್ಟೂ ಹೊಳಪು ಹೆಚ್ಚುವುದರಿಂದ, ಬೂದುಬಣ್ಣದ ಫೆಲ್ಡ್‌ಸ್ಪಾರ್ ಖನಿಜದ ನಡುವೆ ಒಂದು ಮೈಕ್ರೋಮೀಟರಿನ ಲೋಹದ ಚುಕ್ಕೆಯೂ ಎದ್ದು ತೋರುತ್ತದೆ. ಹೊರಹೊಮ್ಮುವ ಎಕ್ಸ್ ಕಿರಣಗಳ ಶಕ್ತಿಯನ್ನು ಅಳೆದು ಧಾತುಗಳನ್ನು ಗುರುತಿಸಬಹುದು. ನಿಖರವಾದ ಪ್ರಮಾಣ ಬೇಕೆಂದರೆ ಎಲೆಕ್ಟ್ರಾನ್ ಪ್ರೋಬ್ ಬೇಕು. ಫ್ರಾನ್ಸಿನ ಕಾಸ್ಟೆನ್ 1951ರ ತನ್ನ ಪ್ರಬಂಧದಲ್ಲಿ ತಳಹದಿ ಹಾಕಿಕೊಟ್ಟ ಈ ಉಪಕರಣವು ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ ಇರುವ ಧಾತುವನ್ನೂ ಹಿಡಿಯುತ್ತದೆ. ಎಲೆಕ್ಟ್ರಾನ್ ಕಿರಣ ಎಷ್ಟೇ ಸೂಕ್ಷ್ಮವಾಗಿದ್ದರೂ ಮಾದರಿಯೊಳಗೆ ಅದು ಒಂದೆರಡು ಮೈಕ್ರೋಮೀಟರ್ ಹರಡಿಕೊಳ್ಳುತ್ತದೆ. ಕಣ ಅದಕ್ಕಿಂತ ಚಿಕ್ಕದಾಗಿದ್ದರೆ ಸುತ್ತಲಿನ ಖನಿಜದ ಸಿಲಿಕಾನ್, ಆಮ್ಲಜನಕಗಳೂ ಲೆಕ್ಕಕ್ಕೆ ಸೇರಿ, ಇಲ್ಲದ ಸಂಯುಕ್ತವೊಂದನ್ನು ಇದೆ ಎಂದು ತೋರಿಸುತ್ತವೆ. ಒಟ್ಟು ಮೊತ್ತ ಶೇಕಡಾ 100ರ ಸಮೀಪ ಬಾರದ ವಿಶ್ಲೇಷಣೆಯನ್ನು ಬದಿಗಿಡಿ.

ಇಷ್ಟೆಲ್ಲ ಆದ ಮೇಲೂ ಮುಖ್ಯ ಪ್ರಶ್ನೆ ಉಳಿದೇ ಇರುತ್ತದೆ: ಕಣ ಲೋಹ ಹೌದು, ಆದರೆ ಅದು ಕಲ್ಲಿನದೇ? ಇದಕ್ಕೆ ಉತ್ತರ ಕಣದ ರಾಸಾಯನಿಕ ಸಂಯೋಜನೆಗಿಂತ ಹೆಚ್ಚಾಗಿ ಅದರ ನೆರೆಹೊರೆಯಲ್ಲಿದೆ ಎಂಬುದು ನಮ್ಮ ಖಚಿತ ಅಭಿಪ್ರಾಯ. ಬಿರುಕಿಲ್ಲದ ಫೆಲ್ಡ್‌ಸ್ಪಾರ್ ಹರಳಿನೊಳಗೆ ಪೂರ್ತಿ ಮುಚ್ಚಿಹೋಗಿರುವ ಕಣವನ್ನು ನಂಬಬಹುದು. ಬಿರುಕಿನಲ್ಲಿ, ರಂಧ್ರದಲ್ಲಿ, ಅಂಟಿನ ಅಂಚಿನಲ್ಲಿ ಕುಳಿತ ಕಣವನ್ನು ಸುಲಭಕ್ಕೆ ನಂಬಬಾರದು. ಪಾಕದಿಂದ ಬೇರ್ಪಟ್ಟ ಕಬ್ಬಿಣದ ಪಕ್ಕದಲ್ಲಿ ಟ್ರಾಯ್ಲೈಟ್ ಎಂಬ ಸಲ್ಫೈಡ್, ಗ್ರಾಫೈಟ್, ಕೋಹೆನೈಟ್‌ಗಳಿರುವುದು ಸಹಜ. ನಿಕ್ಕಲ್ ಮತ್ತು ಕೋಬಾಲ್ಟ್ ಆಮ್ಲಜನಕವನ್ನು ಕಬ್ಬಿಣಕ್ಕಿಂತ ಸುಲಭವಾಗಿ ಬಿಟ್ಟುಕೊಟ್ಟು ಲೋಹಕ್ಕೆ ಸೇರುವುದರಿಂದ, ಡಿಸ್ಕೊದಲ್ಲಿ ಲೋಹ ಬೇರ್ಪಟ್ಟ ಲಾವಾದಲ್ಲಿ ನಿಕ್ಕಲ್ ಕಡಿಮೆಯಾಗಿರುವುದು ಕಂಡುಬರುತ್ತದೆ. ಮ್ಯಾಂಗನೀಸ್ ಮತ್ತು ಕ್ರೋಮಿಯಮ್ ಅದಕ್ಕೆ ವಿರುದ್ಧ: ಅವು ಆಮ್ಲಜನಕವನ್ನು ಬಿಡಲೊಪ್ಪದೆ ಖನಿಜದಲ್ಲಿಯೇ ಉಳಿಯುತ್ತವೆ. ಹೀಗಾಗಿ ಕಬ್ಬಿಣದ ಕಣದಲ್ಲಿ ಇವು ಗಣನೀಯವಾಗಿದ್ದರೆ ಮೊದಲು ನಿಮ್ಮ ಸುತ್ತಿಗೆಯನ್ನು, ಕಲ್ಲು ಅರೆಯುವ ಯಂತ್ರವನ್ನು ಪರೀಕ್ಷಿಸಿ. ತಾಮ್ರ ಮತ್ತು ಸತು ಒಟ್ಟಿಗಿದ್ದರೆ ಹಿತ್ತಾಳೆಯ ಜರಡಿ, ಸೀಸ ಮತ್ತು ತವರ ಒಟ್ಟಿಗಿದ್ದರೆ ಬೆಸುಗೆ, ಟಂಗ್‌ಸ್ಟನ್ ಮತ್ತು ಕೋಬಾಲ್ಟ್ ಕಂಡರೆ ಅರೆಯುವ ಬಟ್ಟಲು ಎಂದು ತಿಳಿಯಬೇಕು. ಎಲ್ಲಕ್ಕಿಂತ ಒಳ್ಳೆಯ ಉಪಾಯವೆಂದರೆ, ಅದೇ ಗರಗಸ, ಅದೇ ಜರಡಿ, ಅದೇ ಪೇಸ್ಟ್‌ಗಳ ಮೂಲಕ ಶುದ್ಧ ಬೆಣಚುಕಲ್ಲಿನ ತುಂಡೊಂದನ್ನೂ ಹಾಯಿಸಿ, ಅದರಲ್ಲಿ ಯಾವ ಲೋಹಗಳು ಕಾಣುತ್ತವೆ ಎಂದು ಪಟ್ಟಿ ಮಾಡುವುದು. ಇದಕ್ಕೆ ಬೇಸರಪಡುವವರೇ ಹೆಚ್ಚು.

ಅನುಭವಿಗಳ ನಡುವೆಯೂ ಈ ವಿವಾದ ಮುಗಿಯುವುದಿಲ್ಲ. ರಷ್ಯಾದ ಕಮ್‌ಚಾಟ್ಕದ ಟೋಲ್ಬಾಚಿಕ್ ಜ್ವಾಲಾಮುಖಿಯ 2012-13ರ ಲಾವಾದಲ್ಲಿ ಸೂಕ್ಷ್ಮ ವಜ್ರಗಳು ಸಿಕ್ಕವೆಂದು ವರದಿಯಾದಾಗ, ಅವುಗಳೊಳಗೆ ಅಡಕವಾಗಿದ್ದ ಮ್ಯಾಂಗನೀಸ್-ನಿಕ್ಕಲ್ ಮಿಶ್ರಲೋಹದ ಚೂರುಗಳು ಕಾರ್ಖಾನೆಯಲ್ಲಿ ವಜ್ರ ಬೆಳೆಸಲು ಬಳಸುವ ಲೋಹವನ್ನೇ ಹೋಲುತ್ತವೆ, ಆದ್ದರಿಂದ ಅವು ಹೊರಗಿನಿಂದ ಸೇರಿದ ವಜ್ರಗಳಿರಬಹುದು ಎಂದು ಕೆಲವು ವಿಜ್ಞಾನಿಗಳು ಆಕ್ಷೇಪಿಸಿದರು.

ಪ್ರಶ್ನೆ: ಕೋಲಾರದ ಚಿನ್ನವೂ ಜ್ವಾಲಾಮುಖಿಯ ಚಿನ್ನವೇ?
(ಓದುಗರು, ನಂಜನಗೂಡು)

ಉತ್ತರ: ಶಿಲೆ ಜ್ವಾಲಾಮುಖಿಯದು, ಚಿನ್ನ ಆಮೇಲಿನದು. ಕೋಲಾರದ ಶಿಸ್ಟ್ ಪಟ್ಟಿಯ ಕಪ್ಪು ಕಲ್ಲು ಸುಮಾರು 270 ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಹರಿದ ಲಾವಾ. ದಿಂಬಿನಾಕಾರದ ಲಾವಾ ಉಂಡೆಗಳನ್ನು ಅಲ್ಲಿ ಈಗಲೂ ಗುರುತಿಸಬಹುದು. ಆ ಶಿಲೆ ಹೂತು, ಕಾದು, ರೂಪಾಂತರಗೊಂಡ ಮೇಲೆ ಅದರ ಬಿರುಕುಗಳಲ್ಲಿ ಹರಿದ ಬಿಸಿ ದ್ರವಗಳು ಬೆಣಚುಕಲ್ಲನ್ನೂ ಚಿನ್ನವನ್ನೂ ತಂದು ಕೂರಿಸಿದವು. ಮೂರು ಕಿಲೋಮೀಟರಿಗೂ ಹೆಚ್ಚು ಆಳ ತಲುಪಿದ್ದ ಆ ಗಣಿಗಳು 2001ರಲ್ಲಿ ಮುಚ್ಚಿದವು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇಂದಿಗೂ ಗಣಿಗಾರಿಕೆ ನಡೆಯುತ್ತಿದೆ. ಯಾವುದು ಮೊದಲು, ಯಾವುದು ನಂತರ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ಕಾಣುವ ಕ್ರಮವೇ ಹೇಳುತ್ತದೆ: ಬೆಣಚುಕಲ್ಲನ್ನು ಸೀಳಿದ ಕೂದಲೆಳೆಯ ಬಿರುಕಿನಲ್ಲಿ ಚಿನ್ನ ಕುಳಿತಿದ್ದರೆ ಅದು ಬೆಣಚುಕಲ್ಲಿಗಿಂತಲೂ ಕಿರಿಯದು.

ಅಮೆರಿಕದ ಮಿಷಿಗನ್ ರಾಜ್ಯದ ಕೀವೀನಾ ಪರ್ಯಾಯ ದ್ವೀಪದ ಸಹಜ ತಾಮ್ರವೂ ಹೀಗೆಯೇ. ಅಲ್ಲಿ ಸುಮಾರು 110 ಕೋಟಿ ವರ್ಷ ಹಳೆಯ ಲಾವಾದ ಅನಿಲ ಗುಳ್ಳೆಗಳಲ್ಲಿ ತಾಮ್ರ ತುಂಬಿಕೊಂಡಿದೆ, ಆದರೆ ಬಿಸಿನೀರಿನಿಂದ ಹರಳುಗಟ್ಟುವ ಎಪಿಡೋಟ್, ಪ್ರೆನೈಟ್, ಕ್ಯಾಲ್ಸೈಟ್ ಖನಿಜಗಳೊಡನೆ ಹೆಣೆದುಕೊಂಡಿರುವುದರಿಂದ ಅದು ಲಾವಾ ತಣಿದ ಎಷ್ಟೋ ಕಾಲದ ಮೇಲೆ ಬಿಸಿನೀರು ತಂದಿಟ್ಟದ್ದೆಂದು ತಿಳಿಯುತ್ತದೆ.

ಪ್ರಶ್ನೆ: ಅಂಟಾರ್ಕ್ಟಿಕದ ಜ್ವಾಲಾಮುಖಿಯೊಂದು ದಿನವೂ ಚಿನ್ನ ಉಗುಳುತ್ತದೆ ಎಂದು ಮೊಬೈಲಿನಲ್ಲಿ ಓಡಾಡುತ್ತಿದೆ. ನಿಜವೇ?
(ನಿವೃತ್ತ ಬ್ಯಾಂಕ್ ಉದ್ಯೋಗಿ, ಮಂಡ್ಯ)

ಉತ್ತರ: ನಿಜ. ಎರೆಬಸ್ ಪರ್ವತದ ಹೊಗೆಯಲ್ಲಿ ಚಿನ್ನದ ಹರಳುಗಳಿವೆ ಎಂದು 1991ರಲ್ಲಿ ಪ್ರಕಟವಾಯಿತು. ದಿನಕ್ಕೆ ಸುಮಾರು 80 ಗ್ರಾಂ ಎಂಬುದು ಅಂದಾಜು. ಕಣಗಳು ಮೈಕ್ರೋಮೀಟರ್ ಗಾತ್ರದವು, ಗಾಳಿಯಲ್ಲಿ ನೂರಾರು ಕಿಲೋಮೀಟರ್ ಚದುರಿಹೋಗುತ್ತವೆ, ಆದ್ದರಿಂದ ಯಾರಿಗೂ ಅದರಿಂದ ಒಂದು ಮೂಗುತಿಯೂ ಆಗುವುದಿಲ್ಲ. ವಿಜ್ಞಾನಿಗಳಿಗೆ ಅದರ ಬೆಲೆ ಬೇರೆ: ಲೋಹಗಳು ಅನಿಲದೊಡನೆ ಪಯಣಿಸುತ್ತವೆ ಎಂಬುದಕ್ಕೆ ಅದು ನೇರ ಪುರಾವೆ. ಇತರ ಜ್ವಾಲಾಮುಖಿಗಳಲ್ಲಿ ಹಬೆ ಹೊರಡುವ ಬಾಯಿಗೆ ಶಾಖ ತಡೆಯುವ ಸಿಲಿಕಾ ಗಾಜಿನ ಕೊಳವೆಯನ್ನು ತೂರಿಸಿಡುತ್ತಾರೆ. ಒಳತುದಿ ಬಿಸಿ, ಹೊರತುದಿ ತಂಪು ಇರುವುದರಿಂದ ಬೇರೆಬೇರೆ ಖನಿಜಗಳು ಕೊಳವೆಯ ಉದ್ದಕ್ಕೂ ತಮ್ಮ ತಮ್ಮ ಉಷ್ಣತೆಯ ಜಾಗದಲ್ಲಿ ಹರಳುಗಟ್ಟುತ್ತವೆ. ಆ ಕೊಳವೆಯನ್ನು ಒಡೆದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೊರಗಿನ ಧೂಳಿನ ಅನುಮಾನ ಬಹಳಷ್ಟು ಕಡಿಮೆಯಾಗುತ್ತದೆ.

ಪ್ರಶ್ನೆ: ಮಗಳ ಶಾಲಾ ಯೋಜನೆಗಾಗಿ ತಾರಸಿಯ ಧೂಳನ್ನು ಅಯಸ್ಕಾಂತದಿಂದ ಎತ್ತಿದಾಗ ಕಪ್ಪಗೆ ಹೊಳೆಯುವ ದುಂಡು ಮಣಿಗಳು ಸಿಕ್ಕವು. ಜ್ವಾಲಾಮುಖಿ ಬೂದಿಯೇ, ಉಲ್ಕೆಯ ಧೂಳೇ?
(ಗೃಹಿಣಿ, ಸರಸ್ವತಿಪುರಂ, ಮೈಸೂರು)

ಉತ್ತರ: ಜ್ವಾಲಾಮುಖಿಯದಂತೂ ಅಲ್ಲ, ಭಾರತದ ಏಕೈಕ ಸಕ್ರಿಯ ಜ್ವಾಲಾಮುಖಿ ಇರುವುದು ಅಂಡಮಾನಿನ ಬ್ಯಾರನ್ ದ್ವೀಪದಲ್ಲಿ. ನಗರದ ತಾರಸಿಯ ಮಣಿಗಳಲ್ಲಿ ಬಹುಪಾಲು ವೆಲ್ಡಿಂಗ್ ಕಿಡಿ, ಕಬ್ಬಿಣ ಉಜ್ಜುವ ಚಕ್ರದ ಕಿಡಿ, ಪಟಾಕಿ ಮತ್ತು ಬಾಯ್ಲರ್ ಬೂದಿಯಿಂದ ಬಂದವು. ಆದರೂ ಹುಡುಕುವುದು ವ್ಯರ್ಥವಲ್ಲ: ಯುರೋಪಿನ ನಗರಗಳ ಛಾವಣಿಗಳಿಂದ ಸಂಗ್ರಹಿಸಿದ ಸುಮಾರು 300 ಕಿಲೋಗ್ರಾಂ ಧೂಳಿನಲ್ಲಿ 500ರಷ್ಟು ಸೂಕ್ಷ್ಮ ಉಲ್ಕೆಗಳನ್ನು ಗುರುತಿಸಿದ ಅಧ್ಯಯನ 2017ರಲ್ಲಿ ಪ್ರಕಟವಾಗಿದೆ. ಅವು ಸಾಮಾನ್ಯವಾಗಿ ಮಿಲಿಮೀಟರಿನ ಮೂರನೇ ಒಂದು ಭಾಗದ ಆಸುಪಾಸಿನವು, ಮೈಮೇಲೆ ಒಲಿವೀನ್ ಎಂಬ ಖನಿಜದ ಹರಳುಗಳ ಸಾಲು ಅಥವಾ ಮ್ಯಾಗ್ನೆಟೈಟಿನ ಕವಲೊಡೆದ ವಿನ್ಯಾಸವಿರುತ್ತದೆ. ಕನ್ನಡಿಯಂತೆ ನುಣುಪಾದ, ಒಳಗೆ ಟೊಳ್ಳಾದ ಮಣಿಗಳನ್ನು ಮೊದಲೇ ಬದಿಗಿಡಬಹುದು. ಅಯಸ್ಕಾಂತಕ್ಕೆ ಪ್ಲಾಸ್ಟಿಕ್ ಚೀಲ ತೊಡಿಸಿ ಎತ್ತಿಸಿ, ಹತ್ತಿರದಲ್ಲಿ ವೆಲ್ಡಿಂಗ್ ಅಂಗಡಿಯಾಗಲಿ ಕಟ್ಟಡ ಕೆಲಸವಾಗಲಿ ಇದೆಯೇ ಎಂಬುದನ್ನು ಯೋಜನೆಯ ಮೊದಲ ಪುಟದಲ್ಲಿಯೇ ಬರೆಸಿ, ದೀಪಾವಳಿಗೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ಧೂಳು ಎತ್ತಿಸಿ ಮಣಿಗಳನ್ನು ಎಣಿಸಲು ಹೇಳಿ.